ಹಲಸಿನ ಸಿಪ್ಪೆ ಆಡಿಗೆ ಹಾಕಬಹುದೇ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಆರು ಮಲಬಾರಿ ಆಡುಗಳಿವೆ. ಹಲಸಿನ ಸಿಪ್ಪೆ, ಗೂಂಜು (ಹಣ್ಣಿನ ನಡುವಿನ ದಿಂಡು), ತಿಂದು ಮಿಕ್ಕ ಹಣ್ಣು ಎಲ್ಲ ಅವಕ್ಕೇ ಹಾಕುತ್ತೇವೆ. ಮೊನ್ನೆ ಒಂದು ಆಡು ಮೇವು ಬಿಟ್ಟಿತು. ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿತ್ತು, ಹುಳಿ ವಾಸನೆಯ ಭೇದಿ. ಗಂಜಿ ಕುಡಿಸಿದೆವು, ಇನ್ನೂ ಜಾಸ್ತಿಯಾಯಿತು. ಡಾಕ್ಟರು ಬಂದು ಉಳಿಸಿದರು. ಹಲಸು ನಿಲ್ಲಿಸಬೇಕೇ? ಮರಗೆಣಸಿನ ಸೊಪ್ಪು, ಅಡಿಕೆ ಹಾಳೆ ಕೊಡಬಹುದೇ?

ಉತ್ತರ: ಆಡು ಉಳಿಯಿತಲ್ಲ, ಸಮಾಧಾನ. ಹಲಸು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಒಮ್ಮೆಲೇ ಜಾಸ್ತಿ ತಿಂದದ್ದೇ ತೊಂದರೆ.

ಆಡಿನ ದೊಡ್ಡ ಹೊಟ್ಟೆಯಲ್ಲಿ ಸೊಪ್ಪು, ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳಿರುತ್ತವೆ. ಹೊಸ ಮೇವು ಅವಕ್ಕೆ ಒಗ್ಗಲು ಹತ್ತು ಹದಿನೈದು ದಿನ ಬೇಕು. ಹಣ್ಣಿನ ಸಕ್ಕರೆ ಒಟ್ಟಿಗೇ ಬಿದ್ದರೆ ಲ್ಯಾಕ್ಟಿಕ್ ಆಮ್ಲ ಮಾಡುವ ಜೀವಿಗಳು ಹೆಚ್ಚುತ್ತವೆ. ಈ ಹೊಟ್ಟೆಯ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) ಸಾಧಾರಣವಾಗಿ 6ರಿಂದ 7. ಅದು 5.5ಕ್ಕಿಂತ ಕೆಳಗಿಳಿದರೆ ಮೆಲುಕು ನಿಲ್ಲುತ್ತದೆ, ಮೈಯಲ್ಲಿರುವ ನೀರೆಲ್ಲ ಹೊಟ್ಟೆಗೆ ಸೇರುತ್ತದೆ, ಆಡು ಸೋತು ಮಲಗುತ್ತದೆ. ಎಡಪಕ್ಕೆಯನ್ನು ಮುಷ್ಟಿಯಿಂದ ಒತ್ತಿ ನೋಡಿ. ಗುಳುಗುಳು ನೀರಿನ ಸದ್ದು ಬಂದರೆ ಆಮ್ಲದ ತೊಂದರೆ ಇರಬಹುದು. ಡೋಲಿನಂತೆ ಬಿಗಿದಿದ್ದರೆ ಗಾಳಿ ತುಂಬಿದೆ. ಎರಡಕ್ಕೂ ಡಾಕ್ಟರು ಬೇಕು.

ಗಂಜಿಯಲ್ಲಿರುವುದೂ ಪಿಷ್ಟವೇ ಅಲ್ವಾ? ಆಮ್ಲ ಇನ್ನೂ ಹೆಚ್ಚುತ್ತದೆ. ಸೊರಗಿದ ಆಡಿಗೆಲ್ಲ ಗಂಜಿ ಕುಡಿಸುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಬಿಡಿ. ಡಾಕ್ಟರು ಬರುವಷ್ಟರಲ್ಲಿ ದೊಡ್ಡ ಆಡಿಗೆ 15ರಿಂದ 20 ಗ್ರಾಂ ಅಡುಗೆ ಸೋಡಾವನ್ನು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ನಿಧಾನವಾಗಿ ಕುಡಿಸಬಹುದು. ತಲೆ ಮೇಲಕ್ಕೆತ್ತಬೇಡಿ, ನೀರು ಶ್ವಾಸಕೋಶಕ್ಕೆ ಹೋದೀತು. ಮಲಗಿಬಿಟ್ಟ ಆಡಿನ ಬಾಯಿಗೆ ಏನೂ ಹಾಕಬೇಡಿ.

ಇನ್ನು ಕೊಡುವ ರೀತಿ. ಬೆಳಿಗ್ಗೆ ಮೊದಲು ಹಲಸಿನ ಸೊಪ್ಪು ಅಥವಾ ಬೈಹುಲ್ಲು ಹಾಕಿ, ಹೊಟ್ಟೆ ತುಂಬಲಿ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಒಂದು ಹಿಡಿಯಿಂದ ಶುರು ಮಾಡಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ದೊಡ್ಡ ಆಡಿಗೂ ದಿನಕ್ಕೆ ಅರ್ಧ ಕಿಲೋ ದಾಟಿಸಬೇಡಿ. ಹಪ್ಪಳಕ್ಕೆ ಕೊಯ್ದ, ಹಣ್ಣಾಗದ ಬಲಿತ ಕಾಯಿಯ ಸಿಪ್ಪೆಯಲ್ಲಿ ಸಕ್ಕರೆ ಕಡಿಮೆ. ಕಳಿತ ಹಣ್ಣು, ಕೊಳೆತದ್ದು, ಬೂಸ್ಟು ಬಂದದ್ದು ಬೇಡವೇ ಬೇಡ. ಬಿಟ್ಟು ಮೇಯಿಸುವವರು ಮಳೆಗಾಲದಲ್ಲಿ ಮರದಡಿ ಬಿದ್ದ ಹಣ್ಣು ಹೆಕ್ಕಿ ತೆಗೆಯಿರಿ. ಆಡು ಮೊದಲು ಓಡುವುದೇ ಅಲ್ಲಿಗೆ.

ಮರಗೆಣಸಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ: ಹಸಿ ಸೊಪ್ಪು, ಹಸಿ ಸಿಪ್ಪೆ ಕೊಡಬೇಡಿ. ಅದರಿಂದ ಹೊಟ್ಟೆಯೊಳಗೆ ಸಯನೈಡ್ ಹುಟ್ಟುತ್ತದೆ. ಉಸಿರು ಕಟ್ಟಿ, ನಡುಗಿ, ನಿಮಿಷಗಳಲ್ಲೇ ಆಡು ಸಾಯಬಹುದು. ಬಾಡಿದರೆ ಸಾಲದು. ಹೆಚ್ಚಿ, ತೆಳ್ಳಗೆ ಹರಡಿ, ಗರಿಗರಿಯಾಗುವವರೆಗೆ ಬಿಸಿಲಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಬಿಸಿಲಿಲ್ಲ, ಆಗ ಅದರ ತಂಟೆಗೇ ಹೋಗಬೇಡಿ.

ಹಾಳೆಯನ್ನು ಕತ್ತರಿಸಿ ಬೈಹುಲ್ಲಿನ ಬದಲು ಕೊಡಬಹುದು, ಸತ್ವ ಮಾತ್ರ ಕಡಿಮೆ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆದ ಮೇಲೆ ಬಿದ್ದ ಹಾಳೆ ಬೇಡ, ಆ ಮರದಡಿಯ ಹುಲ್ಲೂ ಬೇಡ. ಮೈಲುತುತ್ತಿನ ತಾಮ್ರ ಆಡಿನ ಪಿತ್ತಜನಕಾಂಗದಲ್ಲಿ ಸೇರುತ್ತಾ ಹೋಗುತ್ತದೆ.