ಟೈಫಾಯ್ಡ್ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಹೋಗುವುದು ಹೇಗೆ? ಕೋಶ ಸುಮ್ಮನೆ ಬಿಟ್ಟುಬಿಡುತ್ತದಾ?

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಇವೆ. ಟೈಫಾಯ್ಡ್ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೇ ಸೇರಿಕೊಳ್ಳುತ್ತದೆ ಎಂದು ಓದಿದ್ದೀರಿ, ಅದು ಹೇಗೆ ಎನ್ನುವುದು ಒಂದು. ಕೋಶ ಏನೂ ಮಾಡುವುದಿಲ್ಲವಾ ಎನ್ನುವುದು ಇನ್ನೊಂದು. ತಮ್ಮನಿಗೆ ಔಷಧ ಶುರುವಾಗಿ ಮೂರು ದಿನವಾದರೂ ಜ್ವರ ಯಾಕೆ ಬಿಟ್ಟಿಲ್ಲ, ವಾಸಿಯಾದ ಮೇಲೂ ಒಳಗೆ ಉಳಿಯುತ್ತದಾ ಎನ್ನುವುದು ಕೊನೆಯದು. ನಾನು ಡಾಕ್ಟರ್ ಅಲ್ಲ, ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಚಿಕಿತ್ಸೆ ವಿಷಯಕ್ಕೆ ತಮ್ಮನನ್ನು ನೋಡುತ್ತಿರುವ ಡಾಕ್ಟರ್ ಮಾತೇ ಕೊನೆ. ಒಳಗೆ ಏನು ನಡೆಯುತ್ತದೆ ಎನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಟೈಫಿ ಮನುಷ್ಯರಿಗೆ ಮಾತ್ರ ಅಂಟುತ್ತದೆ. ಮಾಮೂಲಿ ಇಲಿಗೆ ಕೊಟ್ಟರೆ ಟೈಫಾಯ್ಡ್ ಬರುವುದಿಲ್ಲ. ಅದರ ದಾಯಾದಿ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ನಮಗೆ ಸಾಮಾನ್ಯವಾಗಿ ಬರೀ ವಾಂತಿ ಭೇದಿ ತರುತ್ತದೆ, ಇಲಿಗೆ ಮಾತ್ರ ಟೈಫಾಯ್ಡ್‌ನಂಥ ಕಾಯಿಲೆ. ಕೆಳಗೆ ಹೇಳುವುದರಲ್ಲಿ ಬಹುಪಾಲು ಈ ದಾಯಾದಿಯ ಮೇಲೆ ಮಾಡಿದ ಪ್ರಯೋಗಗಳಿಂದ ಗೊತ್ತಾದದ್ದು.

ಕೊಳಕು ನೀರಿನಲ್ಲೋ ಊಟದಲ್ಲೋ ಹೊಟ್ಟೆಗೆ ಹೋದ ಬ್ಯಾಕ್ಟೀರಿಯಾಗಳಲ್ಲಿ ತುಂಬಾ ಭಾಗ ಹೊಟ್ಟೆಯ ಆಸಿಡ್‌ನಲ್ಲೇ ಸಾಯುತ್ತವೆ. ಆಸಿಡ್ ಕಡಿಮೆ ಮಾಡುವ ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನಾ ನುಂಗುವವರಿಗೆ ಇಂಥ ಸೋಂಕಿನ ಅಪಾಯ ಜಾಸ್ತಿ ಇರುವುದು ಇದಕ್ಕೇ. ಉಳಿದವು ಸಣ್ಣ ಕರುಳಿಗೆ ಇಳಿಯುತ್ತವೆ. ಅಲ್ಲಿನ ಗೋಡೆಯಲ್ಲಿ ಎಂ ಕೋಶ ಅಂತ ಇವೆ. ಕರುಳಿನಲ್ಲಿ ಹಾದುಹೋಗುವುದರ ಸ್ಯಾಂಪಲ್ ತೆಗೆದು ಕೆಳಗಿರುವ ರೋಗನಿರೋಧಕ ಕೋಶಗಳಿಗೆ ದಾಟಿಸುವುದೇ ಅವುಗಳ ಕೆಲಸ. ಕಾವಲಿಗೆಂದು ಇಟ್ಟ ಆ ಬಾಗಿಲಿನಲ್ಲೇ ಸಾಲ್ಮೊನೆಲ್ಲಾ ಒಳಗೆ ಬರುತ್ತದೆ.

ಆದರೆ ಅದು ಬಾಗಿಲಿಗಷ್ಟೇ ಕಾಯುವುದಿಲ್ಲ. ಕರುಳಿನ ಮಾಮೂಲಿ ಕೋಶ ಏನನ್ನೂ ನುಂಗಲು ಹೊರಟದ್ದಲ್ಲ, ಅದರಿಂದಲೂ ನುಂಗಿಸಿಕೊಳ್ಳುತ್ತದೆ. ನನಗೆ ಇಡೀ ವಿಷಯದಲ್ಲಿ ಇದೇ ಅತ್ಯಂತ ಚೆಂದ. ಬ್ಯಾಕ್ಟೀರಿಯಾದ ಮೈಮೇಲೆ ಸಣ್ಣ ಸೂಜಿಗಳಿವೆ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. 1998ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಇದರ ಚಿತ್ರ ತೆಗೆದಾಗ ನಿಜಕ್ಕೂ ಬುಡ, ಟೊಳ್ಳು ಸೂಜಿ ಎರಡೂ ಕಂಡವು. ಕೋಶಕ್ಕೆ ತಾಗಿದ ಕೂಡಲೇ ಈ ಸೂಜಿಯಿಂದ ಬ್ಯಾಕ್ಟೀರಿಯಾ ತನ್ನ ಪ್ರೋಟೀನ್‌ಗಳನ್ನು ಕೋಶದೊಳಕ್ಕೆ ಚುಚ್ಚುತ್ತದೆ. ಅವುಗಳಲ್ಲಿ ಸಾಪ್-ಇ ಎನ್ನುವುದು ಕೋಶದ ಒಳಗಿನ ಸ್ವಿಚ್‌ಗಳನ್ನು ಒತ್ತುತ್ತದೆ. ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳನ್ನು ಎಲ್ಲಿ ಕಟ್ಟಬೇಕು ಎಂದು ಹೇಳುವ ಸ್ವಿಚ್‌ಗಳು ಅವು. ಒತ್ತಿದ ಕೂಡಲೇ ಆ ಜಾಗದಲ್ಲಿ ಎಳೆಗಳು ಸರಸರ ಬೆಳೆದು, ಕೋಶದ ಪೊರೆ ಒಲೆ ಮೇಲಿನ ಹಾಲಿನ ಹಾಗೆ ಉಕ್ಕುತ್ತದೆ. ಉಕ್ಕಿದ ಪೊರೆ ಬ್ಯಾಕ್ಟೀರಿಯಾವನ್ನು ಸುತ್ತಿಕೊಂಡು ಮಡಚಿ ಒಳಗೆ ಬೀಳುತ್ತದೆ. ಕೆಲವೇ ನಿಮಿಷಗಳ ಕೆಲಸ. ಯಾವ ಗೋಡೆಯೂ ಒಡೆದಿಲ್ಲ, ಗಮನಿಸಿ. ಎಲ್ಲ ಕೆಲಸವನ್ನೂ ಕೋಶವೇ ಮಾಡಿದ್ದು.

ಇನ್ನೂ ಒಂದಿದೆ. ಟೈಫಿಮ್ಯೂರಿಯಂ ಅದೇ ಸೂಜಿಯಲ್ಲಿ ಎಸ್‌ಪಿಟಿಪಿ ಎಂಬ ಇನ್ನೊಂದು ಪ್ರೋಟೀನನ್ನೂ ಕಳಿಸುತ್ತದೆ. ಅದರ ಕೆಲಸ ಆನ್ ಆದ ಸ್ವಿಚ್‌ಗಳನ್ನು ಆಫ್ ಮಾಡುವುದು! ಸಾಲ್ಮೊನೆಲ್ಲಾ ಸಂಶೋಧಕ ಹೊರ್ಹೆ ಗಲಾನ್ ಅವರ ಲ್ಯಾಬ್ 1999ರಲ್ಲಿ ಇದನ್ನು ತೋರಿಸಿತು. ಸಾಪ್-ಇ ಬೇಗ ಕರಗಿಹೋಗುತ್ತದೆ, ಎಸ್‌ಪಿಟಿಪಿ ನಿಧಾನ. ಹಾಗಾಗಿ ಪೊರೆ ಮೊದಲು ಉಕ್ಕಿ, ಅತಿಥಿ ಒಳಗೆ ಬಂದ ಮೇಲೆ ಮೊದಲಿನಂತಾಗುತ್ತದೆ. ವಾಸಕ್ಕೆ ಬಂದ ಮನೆ ಕೆಡಬಾರದಲ್ವಾ.

ಗೋಡೆ ದಾಟಿದ ಮೇಲೆ ಕಾಯುತ್ತಿರುವುದು ಮ್ಯಾಕ್ರೋಫೇಜ್. ಕೀಟಾಣು ತಿನ್ನುವುದೇ ಈ ಕೋಶದ ಕಸುಬು. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಮುತ್ತಿಕೊಂಡದ್ದನ್ನು ನೋಡಿದರಲ್ಲ, ಅಂಥ ಕೋಶಗಳೇ ಇವು. ಮ್ಯಾಕ್ರೋಫೇಜ್ ನುಂಗಿದ ಕೀಟಾಣು ಒಂದು ಪೊರೆಚೀಲದಲ್ಲಿ ಇರುತ್ತದೆ. ಆ ಚೀಲ ಹುಳಿಯಾಗುತ್ತದೆ. ಕೊನೆಗೆ ಲೈಸೋಸೋಮ್ ಎಂಬ, ಜೀರ್ಣರಸ ತುಂಬಿದ ಇನ್ನೊಂದು ಚೀಲದ ಜೊತೆ ಸೇರಿ ಕೀಟಾಣುವನ್ನು ಅರಗಿಸುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಾಗಳ ಕಥೆ ಇಲ್ಲಿಗೆ ಮುಗಿಯಿತು.

ಸಾಲ್ಮೊನೆಲ್ಲಾಗೆ ಆ ಹುಳಿಯೇ ಸೂಚನೆ. ಹುಳಿ ತಗುಲಿದ ಕೂಡಲೇ ಅದು ಎರಡನೇ ಜಾತಿಯ ಸೂಜಿಗಳನ್ನು ಕಟ್ಟುತ್ತದೆ. ಈ ಸಲ ಚೀಲದ ಒಳಗಿನಿಂದ ಹೊರಕ್ಕೆ ಚುಚ್ಚುತ್ತದೆ. ಹೀಗೆ ಹೋದ ಪ್ರೋಟೀನ್‌ಗಳು ಕೋಶದ ಸಾಗಣೆಯನ್ನೇ ತಿರುಗಿಸಿ, ಕೊಲ್ಲುವ ಸಾಮಗ್ರಿ ಚೀಲಕ್ಕೆ ಬರದ ಹಾಗೆ ಮಾಡುತ್ತವೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ದೀಪಶಿಖಾ ಚಕ್ರವರ್ತಿ ಅವರ ತಂಡ 2010ರಲ್ಲಿ ಇದಕ್ಕೊಂದು ಒಳ್ಳೆಯ ಸಂಗತಿ ಸೇರಿಸಿತು. ಬ್ಯಾಕ್ಟೀರಿಯಾ ಎರಡಾದಾಗ ಚೀಲವೂ ಎರಡಾಗುತ್ತದೆ, ಒಂದೊಂದಕ್ಕೆ ಒಂದೊಂದು ಚೀಲ. ಸೋಂಕಾದ ಕೋಶದಲ್ಲಿ ಲೈಸೋಸೋಮ್‌ಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಚೀಲಗಳು ಜಾಸ್ತಿ, ಬೆನ್ನಟ್ಟುವವರು ಕಮ್ಮಿ.

ಹಾಗಾದರೆ ಕೋಶ ಕೈಕಟ್ಟಿ ಕೂತಿದೆಯಾ? ಇಲ್ಲ. ಚೀಲದ ಪೊರೆಯಲ್ಲಿ ಒಂದು ಪಂಪ್ ಇದೆ, ಅದು ಬ್ಯಾಕ್ಟೀರಿಯಾಗೆ ಬೇಕಾದ ಲೋಹಗಳನ್ನು ಹೊರಗೆ ಎಳೆದುಕೊಂಡು ಉಪವಾಸ ಕೆಡವುತ್ತದೆ. ಚೀಲ ಎಲ್ಲಾದರೂ ಹರಿದರೆ ಇನ್ನೊಂದು ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಪೊರೆಯ ಒಳಮೈಯಲ್ಲಿ ಮಾತ್ರ ಇರುವ ಸಕ್ಕರೆ ಸರಪಳಿಗಳು ಆಗ ಬಯಲಾಗುತ್ತವೆ. ಗ್ಯಾಲೆಕ್ಟಿನ್-8 ಎಂಬ ಪ್ರೋಟೀನ್ ಅವಕ್ಕೆ ಅಂಟಿಕೊಂಡು, ಕೋಶದ ಕಸ ಸಾಗಿಸುವ ಆಟೋಫ್ಯಾಜಿಯನ್ನು ಕರೆಯುತ್ತದೆ. ಬ್ಯಾಕ್ಟೀರಿಯಾ ಮತ್ತೆ ಚೀಲಕ್ಕೆ, ಅಲ್ಲಿಂದ ಲೈಸೋಸೋಮ್‌ಗೆ. ಅಂದರೆ ಕೋಶ ಕಳ್ಳನ ಮುಖ ನೋಡಬೇಕಾಗಿಯೇ ಇಲ್ಲ, ಹರಿದ ಚೀಲ ನೋಡಿದರೆ ಸಾಕು.

ಇದೂ ಆಗದಿದ್ದರೆ ಕೋಶ ತಾನೇ ಸಾಯುತ್ತದೆ. ಸೂಜಿಯ ಪ್ರೋಟೀನ್ ಅಥವಾ ಬ್ಯಾಕ್ಟೀರಿಯಾದ ಬಾಲದ ಪ್ರೋಟೀನ್ ಕೋಶದ್ರವದಲ್ಲಿ ಸಿಕ್ಕರೆ, ಅಂದರೆ ಆಯುಧವೇ ಸಾಕ್ಷಿಯಾದರೆ, ಒಳಗೆ ಇನ್‌ಫ್ಲಮಸೋಮ್ ಎಂಬ ಯಂತ್ರ ಜೋಡಣೆಯಾಗುತ್ತದೆ. ಅದು ಗ್ಯಾಸ್‌ಡರ್ಮಿನ್-ಡಿ ಎಂಬ ಪ್ರೋಟೀನನ್ನು ತುಂಡು ಮಾಡುವಂತೆ ಮಾಡುತ್ತದೆ. ಆ ತುಂಡುಗಳು ಕೋಶದ ಹೊರಪೊರೆಯಲ್ಲಿ ತೂತು ಕೊರೆಯುತ್ತವೆ. ಈ ಕೊನೆಯ ಹಂತ ಗೊತ್ತಾಗಿದ್ದು 2015ರಲ್ಲಿ. ಕೋಶ ಒಡೆಯುತ್ತದೆ, ಅಡಗಿದವನು ಬಯಲಿಗೆ ಬೀಳುತ್ತಾನೆ, ಹೊರಗೆ ಕೀಟಾಣು ಕೊಲ್ಲುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಕಾಯುತ್ತಿರುತ್ತವೆ. ಕರುಳಿನ ಗೋಡೆಯಲ್ಲಾದರೆ ಸೋಂಕಾದ ಕೋಶವನ್ನು ಅಕ್ಕಪಕ್ಕದವು ಸೇರಿ ಕರುಳಿನೊಳಕ್ಕೆ ತಳ್ಳಿಬಿಡುತ್ತವೆ. ಈ ಗಲಾಟೆಯೇ ಭೇದಿ.

ಟೈಫಿ ಈ ಗಲಾಟೆಯನ್ನೇ ಎಬ್ಬಿಸುವುದಿಲ್ಲ. ಅದು ವಿಐ ಎಂಬ ಸಕ್ಕರೆ ಹೊದಿಕೆ ಹೊದ್ದುಕೊಳ್ಳುತ್ತದೆ, ಬಾಲದ ಪ್ರೋಟೀನ್ ತಯಾರಿಯನ್ನೂ ತಗ್ಗಿಸುತ್ತದೆ. ಗುರುತಿಸುವವರಿಗೆ ಗುರುತೇ ಸಿಗುವುದು ಕಷ್ಟ. ಅದಕ್ಕೇ ಶುರುವಿನಲ್ಲಿ ದೊಡ್ಡ ಲಕ್ಷಣ ಇಲ್ಲ, ಎಷ್ಟೋ ಜನರಿಗೆ ಭೇದಿಯೂ ಇಲ್ಲ. ಒಂದೆರಡು ವಾರ ಮ್ಯಾಕ್ರೋಫೇಜ್‌ಗಳ ಒಳಗೇ ಕೂತು ಲಿವರ್, ಗುಲ್ಮ, ಮೂಳೆಮಜ್ಜೆಗೆ ಪ್ರಯಾಣ ಮಾಡಿ, ಆಮೇಲೆ ಜ್ವರ. ಆಗಲೂ 1 ಮಿಲಿಲೀಟರ್ ರಕ್ತದಲ್ಲಿ ಹೆಚ್ಚೂಕಡಿಮೆ ಒಂದೇ ಬ್ಯಾಕ್ಟೀರಿಯಾ ಇರುತ್ತದೆ. ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಟೆಸ್ಟ್ ಎಷ್ಟೋ ಸಲ ನೆಗೆಟಿವ್ ಬರುವುದು ಅದಕ್ಕೇ.

ಈಗ ತಮ್ಮನ ಜ್ವರ. ಔಷಧ ರಕ್ತಕ್ಕೆ ಸೇರಿದರೆ ಸಾಲದು. ಅದು ಕೋಶದ ಪೊರೆ ದಾಟಿ, ಆಮೇಲೆ ಚೀಲದ ಪೊರೆ ದಾಟಬೇಕು. ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಲ್ಯಾಬ್ ತಟ್ಟೆಯಲ್ಲಿ ಟೈಫಿಯನ್ನು ಚೆನ್ನಾಗಿಯೇ ಕೊಲ್ಲುತ್ತದೆ, ಆದರೆ ಕೋಶದೊಳಗೆ ಸರಿಯಾಗಿ ಹೋಗುವುದಿಲ್ಲ. ಹಾಗಾಗಿ ಟೈಫಾಯ್ಡ್‌ಗೆ ಅದನ್ನು ನೆಚ್ಚುವುದಿಲ್ಲ. ಅಜಿತ್ರೊಮೈಸಿನ್ ಕೋಶದೊಳಗೇ ಶೇಖರವಾಗುವ ಔಷಧ. ಯಾವುದೇ ಇರಲಿ, ಸರಿಯಾದ ಔಷಧ ಶುರುವಾದ ಮೇಲೂ ಜ್ವರ ಇಳಿಯಲು 4-5 ದಿನ, ಕೆಲವೊಮ್ಮೆ ವಾರ ಹಿಡಿಯುವುದು ಮಾಮೂಲಿ. ಮೂರು ದಿನಕ್ಕೆ ಹೆದರಬೇಡಿ. ಆದರೆ ಜೋರು ಹೊಟ್ಟೆನೋವು, ಮಲದಲ್ಲಿ ರಕ್ತ ಅಥವಾ ಮಲ ಕಪ್ಪಗಾಗುವುದು, ಮಂಕು ಕವಿಯುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಜ್ವರ ಬಿಟ್ಟ ದಿನವೇ ಮಾತ್ರೆಯನ್ನೂ ಬಿಡಬೇಡಿ.

ವಾಸಿಯಾದ ಮೇಲೆ ಉಳಿಯುತ್ತದಾ ಎಂದರೆ, ಹೆಚ್ಚಿನವರಲ್ಲಿ ಇಲ್ಲ. ಕೆಲವರಲ್ಲಿ ಮಾತ್ರ ಪಿತ್ತಕೋಶದಲ್ಲಿ, ಅದರಲ್ಲೂ ಕಲ್ಲುಗಳಿದ್ದರೆ ಅವುಗಳ ಮೇಲೆ ಪದರ ಕಟ್ಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಅವರಿಗೆ ಏನೂ ಗೊತ್ತಾಗುವುದಿಲ್ಲ, ಮಲದಲ್ಲಿ ಬ್ಯಾಕ್ಟೀರಿಯಾ ಹೋಗುತ್ತಿರುತ್ತದೆ. ನಿಮ್ಮ ತಮ್ಮ ಅಡುಗೆ ಅಥವಾ ಕ್ಯಾಟರಿಂಗ್ ಕೆಲಸದಲ್ಲಿದ್ದರೆ, ಕೆಲಸಕ್ಕೆ ಮರಳುವ ಮುಂಚೆ ಮಲದ ಕಲ್ಚರ್ ಮಾಡಿಸಬೇಕಾ ಎಂದು ಡಾಕ್ಟರನ್ನು ಕೇಳಿ. ಇದಕ್ಕೆ ವಿಡಾಲ್ ಟೆಸ್ಟ್ ಮಾಡಿಸಿ ಪ್ರಯೋಜನವಿಲ್ಲ. ಅದು ನೋಡುವುದು ಪ್ರತಿಕಾಯಗಳನ್ನು, ಬ್ಯಾಕ್ಟೀರಿಯಾ ಹೋದ ಮೇಲೂ ಅದು ತಿಂಗಳುಗಟ್ಟಲೆ ಪಾಸಿಟಿವ್ ಬರಬಹುದು.