ಕೊರೊನಾ ಕಾಲದಲ್ಲಿ ಫುಟ್‌ಬಾಲ್ ರೆಫರಿಗಳಿಗೆ ಸಂಬಳ ಬಂತಾ? ಕೊರೊನಾ ನಡುವೆ ಮ್ಯಾಚ್ ಆಡಿಸೋದು ಹೇಗಿತ್ತು? ಇರುವ ಕೆಲಸ ಬಿಟ್ಟು ಪೂರ್ತಿ ರೆಫರಿ ಆಗೋದಾದರೆ ಯಾವ ಲೀಗ್ ಸೇಫ್?

ನಾನು 2019ರಲ್ಲಿ ಇದೇ ಯೋಚನೆಯಲ್ಲಿ ಕೆಲಸ ಬಿಟ್ಟವನು. ಹಾಗಾಗಿ ನನಗೆ ಆದದ್ದನ್ನೇ ಹೇಳುತ್ತೇನೆ.

ನಮ್ಮದು ಸೋಮವಾರಪೇಟೆ ಕಡೆ. ಅಪ್ಪ ಎಸ್ಟೇಟ್‌ನಲ್ಲಿ ರೈಟರ್ ಆಗಿದ್ದರು. ಕೊಡಗು ಅಂದರೆ ಎಲ್ಲರಿಗೂ ಹಾಕಿಯೇ ನೆನಪಾಗುತ್ತದೆ. ಆದರೆ ಸುಂಟಿಕೊಪ್ಪ, ಸಿದ್ದಾಪುರ, ನೆಲ್ಯಹುದಿಕೇರಿ ಕಡೆ ಸಂಜೆ ಹೊತ್ತು ಬಂದು ನೋಡಿ, ಗ್ರೌಂಡ್ ತುಂಬ ಫುಟ್‌ಬಾಲ್. ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಲು ಜನ ಜೀಪ್ ಮಾಡಿಕೊಂಡು ಬರುತ್ತಾರೆ. ಗಡಿಯ ಆಚೆ ಕೇರಳದಲ್ಲಿ ಸೆವೆನ್ಸ್, ಅಂದರೆ ಏಳೇಳು ಜನ ಆಡುವ ಫುಟ್‌ಬಾಲ್‌ನ ಹುಚ್ಚು. ನಾನು ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೆ. ಶನಿವಾರ, ಭಾನುವಾರ ವಿಷಲ್ ಊದುತ್ತಿದ್ದೆ. ಎರಡು ದಿನದ ಮ್ಯಾಚ್ ಫೀ ಒಂದು ವಾರದ ಸಂಬಳಕ್ಕೆ ಸಮ ಆಗುತ್ತಿತ್ತು. ವಾರವಿಡೀ ಇದನ್ನೇ ಮಾಡಿದರೆ ಎಷ್ಟಾಗಬಹುದು ಅಂತ ಲೆಕ್ಕ ಹಾಕಿದೆ. ಶಾಲೆ ಬಿಟ್ಟೆ. ಬೆಂಗಳೂರಿಗೂ ಹೋಗಿ ಬಂದು ಮಾಡಿದೆ, ಗಡಿಯ ಮಾಕುಟ್ಟ ಇಳಿದು ಕೇರಳದ ಇರಿಟ್ಟಿ ಕಡೆಗೂ ಹೋದೆ.

ಈಗ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಆಟದ ವರ್ಷ ಅನ್ನೋದು ಹನ್ನೆರಡು ತಿಂಗಳಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಗ್ರೌಂಡ್ ಗದ್ದೆಯೇ. ಹುತ್ತರಿ ಹಬ್ಬ ಮುಗಿಯುವ ಹೊತ್ತಿಗೆ ಕಾಫಿ ಕೊಯ್ಲು ಶುರು, ಆಗ ಹುಡುಗರೆಲ್ಲ ತೋಟದಲ್ಲಿರುತ್ತಾರೆ. ದೊಡ್ಡ ಟೂರ್ನಮೆಂಟ್‌ಗಳು ಬರುವುದು ಕೊಯ್ಲಿನ ದುಡ್ಡು ಕೈಗೆ ಬಂದಮೇಲೆ, ಮಾರ್ಚ್‌ನಿಂದ ಮೇ ಕೊನೆಯವರೆಗೆ. ರೆಫರಿಯ ವರ್ಷದ ದುಡಿಮೆಯೆಲ್ಲ ಆ ಮೂರು ತಿಂಗಳಲ್ಲೇ. 2020ರಲ್ಲಿ ಕೊರೊನಾ ಬಂದು ಕೂತದ್ದು ಸರಿಯಾಗಿ ಅದೇ ಮೂರು ತಿಂಗಳ ಮೇಲೆ.

ಮಾರ್ಚ್ 13, ಶುಕ್ರವಾರ. ಮಾಲ್, ಸಿನಿಮಾ, ಮದುವೆ ಸಮಾರಂಭ, ಕ್ರೀಡಾಕೂಟ ಎಲ್ಲ ಒಂದು ವಾರ ಬಂದ್ ಅಂತ ರಾಜ್ಯ ಸರ್ಕಾರ ಹೇಳಿತು. ಅದೇ ದಿನ ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಕೂಡ ನಿಂತಿತು. ನಾನು ಆ ವಾರ ಜಿಲ್ಲೆಯ ಒಂದು ಊರಿನ ಟೂರ್ನಮೆಂಟ್‌ನಲ್ಲಿದ್ದೆ. ಊರಿನ ಹೆಸರು, ಕ್ಲಬ್ಬಿನ ಹೆಸರು ಬೇಡ. ಕ್ವಾರ್ಟರ್ ಫೈನಲ್ ಮುಗಿದಿತ್ತು. ಸೆಮಿಫೈನಲ್, ಫೈನಲ್ ಆ ಶನಿವಾರ, ಭಾನುವಾರ ಇತ್ತು.

ನನ್ನ ತಪ್ಪು ನಡೆದದ್ದು ಅದರ ಹಿಂದಿನ ಸಂಜೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಬೇಡಿ. ನೀವು ಕೂಡ ಇಲ್ಲೇ ಎಡವುತ್ತೀರಿ.

ಮ್ಯಾಚ್ ಮುಗಿದು ಕತ್ತಲಾಗುತ್ತಿತ್ತು. ಜರ್ಸಿ ಒದ್ದೆ, ಬೂಟಿನ ಲೇಸ್ ಬಿಚ್ಚುತ್ತಿದ್ದೆ. ಕಮಿಟಿಯ ಖಜಾಂಚಿ ಒಂದು ವೋಚರ್ ಪುಸ್ತಕ ಹಿಡಿದುಕೊಂಡು ಬಂದರು. ರೆವೆನ್ಯೂ ಸ್ಟ್ಯಾಂಪ್ ಮೊದಲೇ ಅಂಟಿಸಿತ್ತು. ಐದು ಸಾವಿರ ದಾಟಿದ ರಶೀದಿಗೆ ಒಂದು ರೂಪಾಯಿಯ ಸ್ಟ್ಯಾಂಪ್ ಬೇಕು, ಅದು ನಿಮಗೂ ಗೊತ್ತಿರಬಹುದು. ನನ್ನ ಲೆಕ್ಕ ಎಂಟು ಸಾವಿರದ ಮೇಲಿತ್ತು. "ಸಾರ್, ಫೈನಲ್ ದಿನ ಗಲಾಟೆ ಜಾಸ್ತಿ ಇರುತ್ತದೆ, ಲೆಕ್ಕ ಇವತ್ತೇ ಬರೆದು ಮುಗಿಸ್ತೇವೆ. ದುಡ್ಡು ಭಾನುವಾರ ಗೇಟ್ ಕಲೆಕ್ಷನ್ ಬಂದ ಕೂಡಲೇ" ಅಂದರು. ನಾನು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಸ್ಟ್ಯಾಂಪಿನ ಮೇಲೆ ಸಹಿ ಹಾಕಿದೆ. ಜೊತೆಗಿದ್ದ ಲೈನ್ಸ್‌ಮನ್ ಇಬ್ಬರೂ ನನ್ನ ನೋಡಿ ಹಾಕಿದರು.

ಅವರು ಮೋಸ ಮಾಡಲು ಬಂದಿದ್ದರು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಟೂರ್ನಮೆಂಟಿನ ದುಡ್ಡು ಹೇಗೆ ಬರುತ್ತದೆ ನೋಡಿ. ಮೊದಲ ದಿನಗಳಲ್ಲಿ ಗ್ರೌಂಡ್, ಪೆಂಡಾಲ್, ಮೈಕು, ಊಟ ಅಂತ ಬರೀ ಖರ್ಚು. ಟಿಕೆಟ್ ದುಡ್ಡು ಕೈಗೆ ಹತ್ತುವುದು ಸೆಮಿಫೈನಲ್, ಫೈನಲ್‌ಗೆ. ಪ್ರಾಯೋಜಕರು ಕೊನೆಯ ಕಂತು ಕೊಡುವುದೂ ವೇದಿಕೆ ಮೇಲೆ ಕಪ್ ಕೊಟ್ಟಮೇಲೆ. ಫೈನಲ್ ನಡೆಯದಿದ್ದರೆ ಕಮಿಟಿಯ ಪೆಟ್ಟಿಗೆ ಖಾಲಿ. ಆ ಖಾಲಿ ಪೆಟ್ಟಿಗೆಯಲ್ಲಿ ಇದ್ದಬದ್ದ ನೋಟು ಯಾರಿಗೆ ಹೋಗುತ್ತದೆ? ಬಾಗಿಲಿಗೆ ಬಂದು ನಿಂತು ಕೇಳುವ ಪೆಂಡಾಲಿನವರಿಗೆ, ಊಟದವರಿಗೆ. ರೆಫರಿ ಬೇರೆ ಊರಿನವನು, ಬಂದು ನಿಲ್ಲುವುದಿಲ್ಲ. ಮೇಲಾಗಿ ಅವನ ಸಹಿ ಆಗಲೇ ಪುಸ್ತಕದಲ್ಲಿದೆ.

ಮಾರ್ಚ್ 19ಕ್ಕೆ ಕೊಡಗಿನಲ್ಲಿ ಮೊದಲ ಕೇಸ್ ಬಂತು. ಮುಂದಿನ ವಾರ ದೇಶಕ್ಕೇ ಬೀಗ. ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು, ಕೇರಳದ ಮ್ಯಾಚ್‌ಗಳ ಕಥೆಯೂ ಮುಗಿಯಿತು. ನಾನು ಫೋನ್ ಮಾಡಿದೆ. ಮೊದಲು "ಎಲ್ಲ ಸರಿಹೋಗಲಿ ಸಾರ್" ಅಂದರು. ಲಾಕ್‌ಡೌನ್ ಸಡಿಲವಾದ ಮೇಲೆ ಖುದ್ದಾಗಿ ಹೋದೆ. ಅಷ್ಟರಲ್ಲಿ ಕಮಿಟಿ ಬದಲಾಗಿತ್ತು. ಹೊಸಬರು ಪುಸ್ತಕ ತೆಗೆದು ನನ್ನದೇ ಸಹಿ ತೋರಿಸಿದರು. "ಕೊಟ್ಟಿದ್ದಾರಲ್ಲಾ" ಅಂದರು. ಹಳಬರು ಆ ಕಡೆ ಈ ಕಡೆ ನೋಡಿದರು. ನನ್ನ ಕೈಯಲ್ಲಿ ಬೇರೆ ಒಂದು ಕಾಗದವೂ ಇರಲಿಲ್ಲ. ಕರೆದದ್ದು ಫೋನಿನಲ್ಲಿ, ದುಡ್ಡು ಒಪ್ಪಿದ್ದು ಫೋನಿನಲ್ಲಿ, ಆಡಿಸಿದ್ದು ಊರೆಲ್ಲ ನೋಡಿದೆ, ಆದರೆ ಬರಹದಲ್ಲಿ ಇರುವುದು ನಾನು ದುಡ್ಡು ಪಡೆದೆ ಅನ್ನುವುದೊಂದೇ. ಲೈನ್ಸ್‌ಮನ್ ಹುಡುಗರಿಗೂ ಹಾಗೇ ಆಯ್ತು. ಅವರಲ್ಲಿ ಒಬ್ಬನಿಗೆ ಅದು ಮೊದಲ ಟೂರ್ನಮೆಂಟ್. ಅವನು ಆಮೇಲೆ ವಿಷಲ್ ಮುಟ್ಟಲಿಲ್ಲ. ನನಗೆ ನನ್ನ ದುಡ್ಡಿಗಿಂತ ಅದು ಜಾಸ್ತಿ ನೋವು.

ಆ ಬೇಸಿಗೆ ಅಣ್ಣನ ಜೊತೆ ಮೆಣಸು ಕೊಯ್ಯಲು ಹೋದೆ. ತೋಟದ ಕೆಲಸಕ್ಕೆ ಸರ್ಕಾರ ಬಿಟ್ಟಿತ್ತು. ಒಂಟಿ ಬಿದಿರಿನ ಏಣಿ ಹತ್ತಿ ಸಂಜೆವರೆಗೆ ಕೊಯ್ದರೆ ಆ ದಿನದ ಕೂಲಿ ಗ್ಯಾರಂಟಿ ಇತ್ತು. ಶಾಲೆಯವರು ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿರಲಿಲ್ಲ, ನನ್ನನ್ನೂ ಮತ್ತೆ ಕರೆಯಲಿಲ್ಲ. ಮಕ್ಕಳೇ ಬರದಿದ್ದರೆ ಪಿ.ಟಿ. ಮೇಷ್ಟ್ರು ಯಾಕೆ ಬೇಕು?

ಈಗ ನಿಮ್ಮ ಪ್ರಶ್ನೆಗೆ ಬರೋಣ. "ಸಂಬಳ ಬಂತಾ" ಅಂತ ಕೇಳಿದಿರಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ರೆಫರಿಗಳು 2001ರಿಂದ ವೃತ್ತಿಪರರು. ಅವರಿಗೆ ಗುತ್ತಿಗೆ ಇದೆ, ವರ್ಷಕ್ಕಿಷ್ಟು ಅಂತ ಮೂಲ ಹಣ ಇದೆ, ಅದರ ಮೇಲೆ ಮ್ಯಾಚ್ ಫೀ. ಲೀಗ್ ನಿಂತು ಜೂನ್ 17ಕ್ಕೆ ಮತ್ತೆ ಶುರುವಾಗುವವರೆಗೆ ಅವರ ಕಾಲಡಿ ನೆಲ ಇತ್ತು. ಜರ್ಮನಿಯಲ್ಲೂ ದೊಡ್ಡ ರೆಫರಿಗಳಿಗೆ ಮೂಲ ಹಣ, ಜೊತೆಗೆ ಮ್ಯಾಚ್ ಫೀ. ಅಲ್ಲಿ ಮೇ 16ಕ್ಕೇ ಆಟ ಶುರುವಾಯ್ತು. ನಮ್ಮಲ್ಲಿ ಹೆಚ್ಚಿನವರಿಗೆ ಮ್ಯಾಚ್‌ಗಿಷ್ಟು, ಬಸ್ ಚಾರ್ಜಿಗಿಷ್ಟು, ಅಷ್ಟೇ. ಮ್ಯಾಚ್ ಇಲ್ಲ, ದುಡ್ಡಿಲ್ಲ. ಇಂಗ್ಲೆಂಡಿನಲ್ಲೂ ಊರ ಮಟ್ಟದ ರೆಫರಿಗಳ ಪಾಡು ಇದೇ. 2021ರ ಶುರುವಿನಲ್ಲಿ ಅಲ್ಲಿ ದೊಡ್ಡ ಲೀಗ್ ನಡೆಯುತ್ತಿತ್ತು, ಊರ ಆಟಗಳು ತಿಂಗಳುಗಟ್ಟಲೆ ಬಂದ್ ಇದ್ದವು.

ಹಾಗಾಗಿ "ಯಾವ ಲೀಗ್ ಸೇಫ್" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೊರೊನಾ ಒಂದೇ ಕಾರಣ ಅಂದುಕೊಂಡರೆ ಅದು ಹೋದಮೇಲೆ ಎಲ್ಲ ಸರಿ ಅಂತ ಆಗುತ್ತದೆ. ಹಾಗಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಶುರುವಾಗಿ ವರ್ಷ ವರ್ಷ ಬೆಳೆದ ಹಬ್ಬ. 2018ರ ಮಳೆಗಾಲದಲ್ಲಿ ಗುಡ್ಡ ಕುಸಿಯಿತು, 2019ರಲ್ಲಿ ಹಬ್ಬ ನಡೆಯಲಿಲ್ಲ. ಆಮೇಲೆ ಕೊರೊನಾ. ಮತ್ತೆ ನಡೆದದ್ದು 2023ರಲ್ಲಿ, ನಾಪೋಕ್ಲುವಿನಲ್ಲಿ. ನಮ್ಮ ಕಡೆ ಆಟ ನಿಲ್ಲಿಸಲು ಮಳೆಯೇ ಸಾಕು. ನಿಮ್ಮ ಕಾಲಿನ ಲಿಗಮೆಂಟ್ ಹರಿದರೂ ಸಾಕು. ಅವತ್ತು ಆಸ್ಪತ್ರೆ ಬಿಲ್ಲು ಯಾರು ಕಟ್ಟುತ್ತಾರೆ ಅಂತ ಯಾವ ಕಮಿಟಿಯೂ ಮೊದಲೇ ಹೇಳುವುದಿಲ್ಲ.

ನನ್ನ ಅಭಿಪ್ರಾಯ ಖಂಡಿತ: ಕೆಲಸ ಬಿಡಬೇಡಿ. ಇದನ್ನು ಸಣ್ಣವರ ಮಾತು ಅಂದುಕೊಳ್ಳಬೇಡಿ. 2021ರ ಜುಲೈಯಲ್ಲಿ ಯೂರೋ ಕಪ್ ಫೈನಲ್ ಆಡಿಸಿದ ನೆದರ್ಲೆಂಡ್ಸಿನ ಬ್ಯೋರ್ನ್ ಕೈಪರ್ಸ್‌ಗೆ ಸ್ವಂತ ಸೂಪರ್‌ಮಾರ್ಕೆಟ್ ಇತ್ತು. ಇಂಗ್ಲೆಂಡಿನ ದೊಡ್ಡ ರೆಫರಿ ಹೋವರ್ಡ್ ವೆಬ್ ಮೊದಲು ಪೊಲೀಸ್ ಸಾರ್ಜೆಂಟ್. ಅಂಥವರೇ ಇನ್ನೊಂದು ಕಸುಬು ಇಟ್ಟುಕೊಂಡು ಬೆಳೆದಿದ್ದಾರೆ. ನಾನು ಈಗ ಕೂಡ್ಲೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಮ್ಯಾಚ್ ವಾರಾಂತ್ಯಕ್ಕೆ. ಮೈದಾನದಲ್ಲಿ ಧೈರ್ಯವೂ ಇದರಿಂದ ಜಾಸ್ತಿ ಆಯ್ತು. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅನ್ನುವ ಭಯ ಇರುವ ರೆಫರಿ, ಊರಿನ ತಂಡದ ವಿರುದ್ಧ ಪೆನಾಲ್ಟಿ ಕೊಡುವಾಗ ಒಂದು ಕ್ಷಣ ತಡೆಯುತ್ತಾನೆ. ನಾನೇ ಹಾಗೆ ತಡೆದಿದ್ದೇನೆ.

ಎಲ್ಲರೂ ಮ್ಯಾಚ್ ಫೀ ಜಾಸ್ತಿ ಮಾಡಿ ಅಂತ ಹೋರಾಡುತ್ತಾರೆ. ನಾನು ಅದಕ್ಕಿಂತ ಮೊದಲು ಕೇಳುವುದು, ಮ್ಯಾಚ್ ರದ್ದಾದರೆ ಏನು ಕೊಡುತ್ತೀರಿ ಅಂತ. ನಾನು ಆ ದಿನವನ್ನು ನಿಮಗೆ ಕೊಟ್ಟಾಗಿದೆ, ಬೇರೆ ಕಡೆ ಒಪ್ಪಿಲ್ಲ. ಅರ್ಧ ಫೀಯಾದರೂ ಬರಬೇಕು. ಈಗ ಕರೆದವರಿಗೆಲ್ಲ ವಾಟ್ಸಾಪ್‌ನಲ್ಲಿ ದಿನಾಂಕ, ಫೀ, ಪ್ರಯಾಣದ ಖರ್ಚು, ರದ್ದಾದರೆ ಎಷ್ಟು ಅನ್ನುವುದನ್ನು ಬರೆದು ಕಳಿಸಿ, "ಓಕೆ" ಅಂತ ಉತ್ತರ ತರಿಸಿಕೊಳ್ಳುತ್ತೇನೆ. ಸಹಿಗೆ ಮೊದಲು ದುಡ್ಡು. ಯುಪಿಐ ಬಂದಮೇಲೆ ಇದು ಸುಲಭ ಆಗಿದೆ, ಫೋನಿಗೆ ಮೆಸೇಜ್ ಬರುವವರೆಗೆ ಪೆನ್ನು ಮುಚ್ಚಳ ತೆಗೆಯುವುದಿಲ್ಲ. ಕೆಲವರಿಗೆ ಬೇಸರ ಆಗಿದೆ. ಮುಂದಿನ ವರ್ಷ ಅವರೇ ಕರೆದಿದ್ದಾರೆ. ಸೆವೆನ್ಸ್‌ಗೆ ಹೋಗುವುದಾದರೆ ಇನ್ನೂ ಹುಷಾರು, ಅದಕ್ಕೆ ದೇಶದ ಫುಟ್‌ಬಾಲ್ ಫೆಡರೇಷನ್ನಿನ ಮಾನ್ಯತೆ ಇಲ್ಲ. ದುಡ್ಡು ಬರದಿದ್ದರೆ ದೂರು ಹೇಳಲು ಬಾಗಿಲೇ ಇಲ್ಲ.

ಕೊರೊನಾ ನಡುವೆ ಆಡಿಸುವುದು ಹೇಗಿತ್ತು ಅಂತಲೂ ಕೇಳಿದ್ದೀರಿ. ನಮ್ಮ ದೇಶದ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) 2020ರ ನವೆಂಬರ್ 20ರಿಂದ ಗೋವಾದ ಮೂರೇ ಮೈದಾನದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಆಟಗಾರರು, ರೆಫರಿಗಳು ಎಲ್ಲ ಬಬಲ್ ಒಳಗೆ, ಹೋಟೆಲು ಬಿಟ್ಟರೆ ಮೈದಾನ. ಫೈನಲ್ ಮಾರ್ಚ್ 13ಕ್ಕೆ. ನಮ್ಮ ಮಟ್ಟದಲ್ಲಿ ಬಬಲ್ ಎಲ್ಲಿಂದ ಬರಬೇಕು? ಕೈ ಕುಲುಕುವ ಬದಲು ಮೊಣಕೈ ತಾಗಿಸಿದೆವು, ಅಷ್ಟೇ. ಮಾಸ್ಕ್ ಹಾಕಿಕೊಂಡು ವಿಷಲ್ ಊದಲು ಆಗುವುದಿಲ್ಲ. ಕಷ್ಟ ಕೊಟ್ಟದ್ದು ಐದು ಸಬ್‌ಸ್ಟಿಟ್ಯೂಟ್ ನಿಯಮ. 2020ರ ಮೇ ತಿಂಗಳಲ್ಲಿ ತಾತ್ಕಾಲಿಕ ಅಂತ ತಂದರು, 2022ರಲ್ಲಿ ಅದನ್ನೇ ಖಾಯಂ ಮಾಡಿದರು. ಐದು ಜನರನ್ನು ಬದಲಿಸಬಹುದು, ಆದರೆ ಆಟವನ್ನು ಮೂರೇ ಸಲ ನಿಲ್ಲಿಸಿ. ಹಾಫ್ ಟೈಮ್‌ನಲ್ಲಿ ಮಾಡಿದ್ದು ಆ ಮೂರಕ್ಕೆ ಸೇರದು. ಊರ ಟೂರ್ನಮೆಂಟ್‌ನಲ್ಲಿ ಬದಲಿ ಆಟಗಾರರ ಲೆಕ್ಕ ನೋಡಿಕೊಳ್ಳುವ ಫೋರ್ತ್ ಅಫಿಷಿಯಲ್ ಇರುವುದಿಲ್ಲ, ಎಲ್ಲ ನಮ್ಮ ಜೇಬಿನ ಚೀಟಿಯಲ್ಲೇ. ಎರಡು ತಂಡಕ್ಕೂ ಬೇರೆ ಬೇರೆ ಗೆರೆ ಎಳೆದು ಬರೆದುಕೊಳ್ಳಿ. ಕೆಲಸ ಹೆಚ್ಚಾಯ್ತು, ಫೀ ಹೆಚ್ಚಾಗಲಿಲ್ಲ. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ ಬಂದು ಆ ಆಟಗಳನ್ನೂ ನಿಲ್ಲಿಸಿತು.

ಇಷ್ಟು ಹೇಳಿದ್ದಕ್ಕೆ ರೆಫರಿ ಆಗಬೇಡಿ ಅಂತ ಅರ್ಥ ಮಾಡಿಕೊಳ್ಳಬೇಡಿ. ಆಗಿ. ನಮ್ಮ ಜಿಲ್ಲೆಗೆ ಒಳ್ಳೆಯ ರೆಫರಿಗಳು ಬೇಕೇ ಬೇಕು. ರಾಜ್ಯ ಫುಟ್‌ಬಾಲ್ ಸಂಸ್ಥೆ ಪರೀಕ್ಷೆಗೆ ಕರೆದಾಗ ಅರ್ಜಿ ಹಾಕಿ, ನಿಯಮದ ಪುಸ್ತಕ ಓದಿ. ಓಟ ಮಾತ್ರ ಇವತ್ತೇ ಶುರು ಮಾಡಿ. ದೊಡ್ಡ ಮಟ್ಟಕ್ಕೆ ಹೋಗುವವರಿಗೆ ಫಿಟ್ನೆಸ್ ಪರೀಕ್ಷೆಯಲ್ಲಿ 40 ಮೀಟರ್ ಸ್ಪ್ರಿಂಟ್ ಆರು ಸಲ. ಆಮೇಲೆ 75 ಮೀಟರ್ ಓಟ, 25 ಮೀಟರ್ ನಡಿಗೆ, ಹೀಗೆ ನಲವತ್ತು ಸಲ. ಎಸ್ಟೇಟ್ ರಸ್ತೆಯ ಏರಿನಲ್ಲಿ ಅಭ್ಯಾಸ ಮಾಡಿದರೆ ಉಸಿರು ಚೆನ್ನಾಗಿ ಬರುತ್ತದೆ, ಆದರೆ ವೇಗದ ಲೆಕ್ಕಕ್ಕೆ ಸಮತಟ್ಟು ಗ್ರೌಂಡ್ ಬೇಕು. ಮಳೆ ಹಿಡಿಯುವ ಮೊದಲು ಅಳತೆ ಟೇಪ್ ತೆಗೆದುಕೊಂಡು ಹೋಗಿ ಗುರುತು ಹಾಕಿಕೊಳ್ಳಿ.