ತಾತ ತೀರಿಕೊಂಡ ವರ್ಷ ದಸರಾ ಕುಸ್ತಿಗೆ ಹೋಗಲೇ?

ಪ್ರಶ್ನೆ: ನನಗೆ 20 ವರ್ಷ, ಪದವಿ ಓದುತ್ತಿದ್ದೇನೆ. 2014ರಲ್ಲಿ, ನನ್ನ ಒಂಬತ್ತನೆಯ ವಯಸ್ಸಿನಲ್ಲಿ ತಾತ ನನ್ನನ್ನು ಕುಸ್ತಿಗೆ ಸೇರಿಸಿದರು. ಹುಡುಗಿ ಎಂದು ಗರಡಿಯ ಉಸ್ತಾದರು ಮೊದಲು ಒಪ್ಪಲಿಲ್ಲವಂತೆ. ತಾತ ಮೂರು ವಾರ ದಿನವೂ ಹೋಗಿ ಕೇಳಿದರಂತೆ. ಬೆಳಗಿನ ಐದೂವರೆಗೆ ಮೊಪೆಡ್‌ನಲ್ಲಿ ಕರೆದೊಯ್ದು, ಸಾಮು ಮುಗಿಯುವವರೆಗೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದರು. ರಾತ್ರಿ ನೆನೆಹಾಕಿದ ಬಾದಾಮಿಯನ್ನು ಸಿಪ್ಪೆ ಸುಲಿದು ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ಆ ಡಬ್ಬಿ ಈಗಲೂ ಅಡುಗೆಮನೆಯ ಗೂಡಿನಲ್ಲಿದೆ, ಯಾರೂ ಮುಟ್ಟುವುದಿಲ್ಲ.

ಏಪ್ರಿಲ್‌ನಲ್ಲಿ ತಾತ ತೀರಿಕೊಂಡಾಗ ನಾನು ದಾವಣಗೆರೆಯಲ್ಲಿ ಪಂದ್ಯದಲ್ಲಿದ್ದೆ. ಪಂದ್ಯ ಮುಗಿಯುವವರೆಗೆ ಮನೆಯವರು ನನಗೆ ತಿಳಿಸಲಿಲ್ಲ. ಅಂದಿನಿಂದ ಗರಡಿಗೆ ಹೋಗಿಲ್ಲ. ಈಗ ದಸರಾ ಕುಸ್ತಿಗೆ ಯಾರಿಗೆ ಯಾರು ಎದುರಾಳಿ ಎಂದು ಜೋಡಿ ಕಟ್ಟುವ ದಿನ ಹತ್ತಿರವಾಗಿದೆ. ಉಸ್ತಾದರು ಬಾ ಎನ್ನುತ್ತಾರೆ. ಅಪ್ಪ ‘ವರ್ಷ ತುಂಬುವವರೆಗೆ ಹಬ್ಬವೂ ಇಲ್ಲ, ಕುಸ್ತಿಯೂ ಇಲ್ಲ’ ಎನ್ನುತ್ತಾರೆ. ಅವರು ಒಮ್ಮೆಯೂ ನನ್ನ ಕುಸ್ತಿ ನೋಡಲು ಬಂದವರಲ್ಲ. ಅಜ್ಜಿ ಮಾತೇ ಆಡುವುದಿಲ್ಲ. ನಾನು ಪ್ರೀತಿಸಿದ್ದು ಕುಸ್ತಿಯನ್ನೋ, ತಾತನ ಸಂತೋಷವನ್ನೋ ಎಂಬುದೇ ತಿಳಿಯುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಆ ಮೂರು ವಾರಗಳ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಹೆಣ್ಣುಮಕ್ಕಳ ಕುಸ್ತಿ ಒಲಿಂಪಿಕ್ಸ್‌ಗೆ ಸೇರಿದ್ದೇ 2004ರಲ್ಲಿ, ಅಥೆನ್ಸ್‌ನಲ್ಲಿ. ಸಾಕ್ಷಿ ಮಲಿಕ್ ರಿಯೊದಿಂದ ಕಂಚು ತಂದದ್ದು 2016ರಲ್ಲಿ. ಮಗಳು ಕುಸ್ತಿಗೆ ಹೋಗುತ್ತಾಳೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಧೈರ್ಯ ಎಷ್ಟೋ ಮನೆಗಳಿಗೆ ಬಂದದ್ದು ಆಮೇಲೆ. ನಿಮ್ಮ ತಾತ ಅದಕ್ಕೂ ಎರಡು ವರ್ಷ ಮೊದಲೇ, ಹೆಣ್ಣು ಮಟ್ಟಿ, ಅಂದರೆ ಗರಡಿಯ ಮಣ್ಣು, ತುಳಿಯಬಾರದು ಎಂಬ ಮಾತು ನಡೆಯುತ್ತಿದ್ದ ಕಾಲದಲ್ಲಿ, ಗರಡಿಯ ಬಾಗಿಲಲ್ಲಿ ನಿಂತು ಮೊಮ್ಮಗಳಿಗಾಗಿ ಕೇಳಿದರು. ಇಂಥ ತಾತ ಎಲ್ಲರಿಗೂ ಸಿಗುವುದಿಲ್ಲ. ನಿಮ್ಮ ದುಃಖ ಇಷ್ಟು ದೊಡ್ಡದಾಗಿರುವುದು ಸಹಜ.

ಕೊನೆಗಾಲದಲ್ಲಿ ಹತ್ತಿರವಿರಲಿಲ್ಲ ಎಂಬ ಕೊರಗು ಪತ್ರದುದ್ದಕ್ಕೂ ಇದೆ. ನೀವು ಎಲ್ಲೋ ಮೈಮರೆತು ತಿರುಗುತ್ತಿರಲಿಲ್ಲ, ತಾಯಿ. ಹನ್ನೊಂದು ವರ್ಷ ಅವರು ತಮ್ಮ ಕೈಯಾರೆ ಕರೆದೊಯ್ದು ಬಿಟ್ಟ ಜಾಗದಲ್ಲೇ ಇದ್ದಿರಿ. ಆದರೆ ಸುದ್ದಿಯನ್ನು ಬಚ್ಚಿಟ್ಟದ್ದು ಬೇರೆ ಮಾತು. ಮನೆಯವರು ನಿಮ್ಮ ಒಳ್ಳೆಯದನ್ನೇ ಎಣಿಸಿರಬಹುದು. ಆದರೂ ಆ ಸುದ್ದಿ ನಿಮಗೆ ಆ ಕ್ಷಣವೇ ತಲುಪಬೇಕಿತ್ತು ಎಂದು ನಾನು ಭಾವಿಸುತ್ತೇನೆ. ಅದರ ಸಿಟ್ಟು ನಿಮ್ಮೊಳಗೆ ಇದೆ, ನೀವು ಅದನ್ನು ಹೆಸರಿಸಿಲ್ಲ. ಪಂದ್ಯವೊಂದು ನಿಮ್ಮನ್ನು ತಾತನಿಂದ ದೂರವಿಟ್ಟಿತು ಎಂಬಂತೆ ಅದು ಕುಸ್ತಿಯ ಮೇಲೆಯೇ ತಿರುಗಿದೆ ಎಂದು ನನಗೆ ಅನ್ನಿಸುತ್ತದೆ. ಅಪ್ಪನ ಎದುರು ಕೂತು, ‘ನನಗೆ ಹೇಳಬೇಕಿತ್ತು’ ಎಂಬ ಒಂದು ಮಾತು ಆಡಿ. ಜಗಳವಾದರೂ ಆಗಲಿ.

ಈ ದಸರೆಗೆ ಜೋಡಿ ಕಟ್ಟಬೇಡಿ. ವರ್ಷ ತುಂಬಿಲ್ಲವೆಂದು ಹೇಳುತ್ತಿಲ್ಲ. ತಿಂಗಳುಗಟ್ಟಲೆ ದಂಡೆ, ಬಸ್ಕಿ ಬಿಟ್ಟ ದೇಹವನ್ನು ಒಂದೇ ಸಲ ಅಖಾಡಕ್ಕೆ ಇಳಿಸಿದರೆ ಕುತ್ತಿಗೆ, ಭುಜ, ಮೊಣಕಾಲಿಗೆ ಪೆಟ್ಟು ಬೀಳುತ್ತದೆ. ತಾತ ಬೆಂಚಿನ ಮೇಲೆ ಕೂತಿದ್ದರೆ ನಿಮ್ಮನ್ನು ಹಾಗೆ ಇಳಿಯಲು ಬಿಡುತ್ತಿದ್ದರೇ? ಉಸ್ತಾದರಿಗೂ ಇದನ್ನೇ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಆದರೆ ‘ಕುಸ್ತಿಯೂ ಇಲ್ಲ’ ಎಂಬ ಅಪ್ಪನ ಮಾತನ್ನು ನಾನು ಒಪ್ಪುವುದಿಲ್ಲ. ಹಬ್ಬ ಬಿಡುವುದು ಬೇರೆ, ಸಾಮು ಬಿಡುವುದು ಬೇರೆ. ತೋರಣ ಕಟ್ಟದಿರಲಿ, ಒಬ್ಬಟ್ಟು ಮಾಡದಿರಲಿ. ಸೂತಕ ಕಳೆದ ಮೇಲೆ ಅಪ್ಪ ಕೆಲಸಕ್ಕೆ ಹೋಗುತ್ತಿದ್ದಾರೆ, ನೀವು ಕಾಲೇಜಿಗೆ ಹೋಗುತ್ತಿದ್ದೀರಿ. ಬೆಳಗಿನ ಸಾಮು ನಿಮಗೆ ಅಂಥದ್ದೇ ನಿತ್ಯದ ಕೆಲಸ.

ಅಪ್ಪನ ಮೇಲೆ ಮಾತ್ರ ಸ್ವಲ್ಪ ಕರುಣೆ ಇರಲಿ. ಮಹಾಲಯ ಅಮಾವಾಸ್ಯೆಯ ಮರುದಿನವೇ ನವರಾತ್ರಿ ಶುರು. ಊರೆಲ್ಲ ಹಿರಿಯರನ್ನು ನೆನೆದು ಎಡೆ ಇಟ್ಟು, ಬೆಳಗಾದರೆ ದೀಪಾಲಂಕಾರಕ್ಕೆ ಹೊರಡುವ ಹೊತ್ತು. ತಂದೆಯನ್ನು ಈಗಷ್ಟೇ ಕಳೆದುಕೊಂಡ ಮಗನಿಗೆ ಆ ಒಂದು ರಾತ್ರಿಯನ್ನು ದಾಟುವುದು ಸುಲಭವಲ್ಲ. ಜೊತೆಗೆ, ನಿಮ್ಮ ತಾತ ಹನ್ನೊಂದು ವರ್ಷದ ಬೆಳಗುಗಳನ್ನು ನಿಮಗೆ ಕೊಟ್ಟರು. ಮಗನಿಗೆ ಅಷ್ಟು ಸಿಕ್ಕಿತ್ತೋ ಇಲ್ಲವೋ, ಕೇಳಿ ನೋಡಿ. ಅವರು ಗರಡಿಯ ಕಡೆ ಬಾರದಿರುವುದಕ್ಕೆ ಅದೂ ಕಾರಣವಿರಬಹುದು.

ಇನ್ನು ಕುಸ್ತಿಯೋ, ತಾತನ ಸಂತೋಷವೋ ಎಂಬ ಪ್ರಶ್ನೆ. ಮನೆಯಲ್ಲಿ ಕೂತು ಯೋಚಿಸಿದರೆ ಇದು ಬಗೆಹರಿಯುವುದಿಲ್ಲ. ಒಂಬತ್ತರ ಹುಡುಗಿಗೆ ತಾತನ ಸಂತೋಷವೇ ಎಲ್ಲವೂ ಆಗಿದ್ದೀತು. ಇಪ್ಪತ್ತರ ನಿಮಗೆ ಏನು ಎಂಬುದು ಗರಡಿಯಲ್ಲೇ ತಿಳಿಯಬೇಕು. ಒಂದು ತಿಂಗಳು ಹೋಗಿ ಬನ್ನಿ. ಮೊದಲ ದಿನ ಆ ಖಾಲಿ ಬೆಂಚನ್ನು ದಾಟಿ ಒಳಗೆ ಹೋಗುವುದೇ ಕಷ್ಟವಾಗುತ್ತದೆ. ಸಾಧ್ಯವಾಗದಿದ್ದರೆ ಅದರ ಮೇಲೆಯೇ ಕೂತು ಅತ್ತು ಬನ್ನಿ. ಮರುದಿನ ಒಳಗೆ ಹೋಗಿ, ಅರಿಶಿನ, ತುಪ್ಪ, ಮಜ್ಜಿಗೆ ಬೆರೆತ ಆ ಕೆಮ್ಮಣ್ಣನ್ನು ಸುಮ್ಮನೆ ಅಗೆದು ಹದ ಮಾಡಿ. ಕೈ ತಾನಾಗಿ ಮಣ್ಣನ್ನು ಎತ್ತಿ ಭುಜಕ್ಕೆ ಸವರಿಕೊಂಡರೆ ಉತ್ತರ ಸಿಕ್ಕಿತು. ತಿಂಗಳಾದರೂ ಬೆಂಚಿನ ಕಡೆಗೇ ಕಣ್ಣು ಹೋಗುತ್ತಿದ್ದರೆ, ನಿಶ್ಚಿಂತೆಯಿಂದ ಬಿಟ್ಟುಬಿಡಿ. ತಾತ ಅಂದು ಕೇಳಿಕೊಂಡದ್ದು ನಿಮ್ಮನ್ನು ಒಳಗೆ ಬಿಡಿ ಎಂದು, ಎಂದೂ ಹೊರಗೆ ಬಿಡಬೇಡಿ ಎಂದಲ್ಲ.

ಅಜ್ಜಿಯ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಆ ಡಬ್ಬಿಯನ್ನು ದಿನವೂ ತೊಳೆದು ಬೋರಲು ಹಾಕುತ್ತಿದ್ದವರು ಯಾರು? ನಸುಕಿನಲ್ಲಿ ಇಬ್ಬರಿಗೂ ಹಾಲು ಕಾಯಿಸಿ ಕೊಟ್ಟವರು? ಅವರ ಮೌನವನ್ನು ಇದುವರೆಗೆ ಯಾರೂ ಮಾತಾಡಿಸಿದಂತೆ ಕಾಣುವುದಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಅವರ ಪಕ್ಕ ಕೂತುಕೊಳ್ಳಿ. ಅವರನ್ನು ಕೇಳಿಯೇ ಡಬ್ಬಿಯನ್ನು ಗೂಡಿನಿಂದ ಇಳಿಸಿ. ತಾತ ಎಷ್ಟು ಬಾದಾಮಿ ನೆನೆಹಾಕುತ್ತಿದ್ದರೆಂದು ಅವರಿಗೆ ಗೊತ್ತಿರುತ್ತದೆ. ಅಷ್ಟು ಹಾಕಿ, ಅಪ್ಪನ ಪಾಲಿಗೆ ಇನ್ನೂ ನಾಲ್ಕು ಸೇರಿಸಿ.